ನವಿಲುಗರಿ ನೀಲಿ, ಚೆಂಡುಹೂವಿನ ಹಳದಿ

ಖಾನಾಪುರದ ಸುಲಭಾ ಮದುವೆಯಾಗಿ ಬೆಳಗಾವಿಯ ಅನಗೋಳಕ್ಕೆ ಬಂದದ್ದು ೧೯೭೧ರಲ್ಲಿ. ಗಂಡನ ಮನೆಯ ಗೋಡೆಗಳೆಲ್ಲ ಸುಣ್ಣದ ಬಿಳಿ. ನಡುಮನೆಗೆ ನವಿಲುಗರಿಯ ನೀಲಿ ಹಚ್ಚಿ, ಬಾಗಿಲಿಗೆ ಚೆಂಡುಹೂವಿನ ಹಳದಿ ಕೊಟ್ಟರೆ ಚೆನ್ನಾಗಿರುತ್ತದೆ ಎಂದು ಅವಳು ಹೇಳಿದಾಗ ಮಾವ ನಕ್ಕರು.

"ನಮ್ಮದೇನು ನಾಟಕ ಕಂಪನಿ ಏನವ್ವಾ?"

ಕೆಲವು ವರ್ಷ ದೀಪಾವಳಿಗೆ ಸುಣ್ಣ ಬಳಿಯುವಾಗ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಮಾವ ತೀರಿಕೊಂಡ ಮೇಲೆ, ೧೯೮೫ರಲ್ಲಿ, ಗಂಡ ಪಂಢರಿನಾಥ ತಾನಾಗಿಯೇ ಪೇಂಟರ್‌ನನ್ನು ಕರೆತಂದು ಅವಳು ಹೇಳಿದ್ದ ಬಣ್ಣಗಳನ್ನೇ ಹಚ್ಚಿಸಿದ. ಬಾಜು ಮನೆಯ ಹೆಂಗಸರು ಬಂದು ನೋಡಿ ಹೊಗಳಿದರು.

"ಮನಸಿಗೆ ಬಂತೇನ?" ಎಂದು ಪಂಢರಿನಾಥ ಕೇಳಿದ.

"ಛಂದ ಆಗೇದರಿ," ಎಂದಳು ಸುಲಭಾ.

ಅದು ಸುಳ್ಳಲ್ಲ. ನೀಲಿಯ ಪಕ್ಕದಲ್ಲಿ ಹಳದಿ ಅವಳೆಣಿಸಿದಂತೆಯೇ ಎದ್ದು ಕಾಣುತ್ತಿತ್ತು. ಆದರೆ ಅವಳೊಳಗೆ ಏನೋ ಆಗಬೇಕಿತ್ತು, ಆಗಲಿಲ್ಲ. ಸ್ವಲ್ಪ ಹೊತ್ತು ಕಾದು ನಿಂತಳು. ಬೇರೆ ಯಾರದೋ ಮನೆಯ ಗೋಡೆ ನೋಡಿದಂತಿತ್ತು.

ಮುಂದೆ ಹಿಂದವಾಡಿ, ಟಿಳಕವಾಡಿಯ ಹೆಂಗಸರು ಗೋಡೆಗೆ, ಪರದೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಅವಳನ್ನು ಕರೆಸಿ ಕೇಳತೊಡಗಿದರು.

"ಗುಲಾಬಿ ಗೋಡಿಗೆ ಗಿಣಿಹಸರು ಪಡದಿ ಹಾಕ್ರಿ," ಎನ್ನುತ್ತಿದ್ದಳು.

ಅವರು ಖುಷಿಪಡುತ್ತಿದ್ದರು. ಅವರು ಕೊಟ್ಟ ಚಹಾ ಕುಡಿದು ಸುಲಭಾ ಮನೆಗೆ ಬರುತ್ತಿದ್ದಳು.