ಹಳ್ಳದ ಇಳಿಜಾರಿಗೆ ಹಾಸಿದ ನುಣುಪು ಕಲ್ಲು

ಕುರಿಯ ತುಪ್ಪಟ ಕತ್ತರಿಸುವ ಮುನ್ನಾದಿನ ಹಿಂಡನ್ನು ನೀರಿಗಿಳಿಸಿ ಮೈ ತೊಳೆಯಬೇಕು. ತೊಳೆಯದಿದ್ದರೆ ಮಣ್ಣು, ಮುಳ್ಳು ಸಿಕ್ಕಿ ಕತ್ತರಿ ಮೊಂಡಾಗುತ್ತದೆ. ಊರೂರು ತಿರುಗುವ ಕತ್ತರಿಯವರು ಅಂಥ ಹಿಂಡನ್ನು ಮುಟ್ಟುವುದಿಲ್ಲ. ಹೊಳಲ್ಕೆರೆಯಿಂದ ಚಿಕ್ಕಜಾಜೂರಿಗೆ ಹೋಗುವ ಕಡೆ ಇರುವ ನಮ್ಮೂರಿನಲ್ಲಿ ಆ ಕೆಲಸಕ್ಕೆ ಇದ್ದದ್ದು ಹಳ್ಳದ ಒಂದೇ ಒಂದು ಮಡು. ಅಪ್ಪ, ಅವನ ಅಪ್ಪ, ಎಲ್ಲರೂ ಅಲ್ಲೇ ಕುರಿ ತೊಳೆದವರು.

ನಾನು ದಿನಚರಿ ಬರೆಯುವವಳು. ಹಳ್ಳ ಉಕ್ಕಿ ನಮ್ಮ ಕೇರಿಗೆ ನುಗ್ಗಿದ ವರ್ಷ ನಾವೆಲ್ಲ ಶಾಲೆಯ ಕೋಣೆಗಳಲ್ಲಿ ಮಲಗಿದ್ದೆವು. ಆ ವಾರದ ಪುಟಗಳಲ್ಲಿ ಇರುವುದು ಒಂದೇ ಸಾಲು: ನೀರು ಇಳಿದಿಲ್ಲ.

ಮರುವರ್ಷ ನೆರೆ ತಡೆಯುವ ಸರ್ಕಾರಿ ಯೋಜನೆ ಬಂತು. ಬರೀ ತಡೆಗೋಡೆ ಕಟ್ಟುವುದಲ್ಲ ಎಂದು ನಕ್ಷೆ ಮಾಡಿದ ಮೇಡಂ ಶಾಲೆಯ ಅಂಗಳದಲ್ಲಿ ಊರವರಿಗೆ ವಿವರಿಸಿದರು. ದಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಿ, ಪಕ್ಕದ ಬಯಲನ್ನು ತಗ್ಗು ಮಾಡುವುದು. ನೆರೆ ಬಂದಾಗ ನೀರು ಅಲ್ಲಿ ಹರಡಿ ನಿಲ್ಲುತ್ತದೆ. ಉಳಿದ ದಿನ ಅದೇ ಹುಡುಗರ ಕ್ರಿಕೆಟ್ ಮೈದಾನ, ಅದೇ ಸಂತೆ, ಅದೇ ಸಂಜೆ ತಿರುಗಾಡುವ ದಾರಿ. ನೋಡುವುದಕ್ಕೂ ಚೆಂದವಿರಬೇಕು ಎಂದರು. ಆಮೇಲೆ ಒಬ್ಬೊಬ್ಬರನ್ನೇ, ನಿಮಗೇನು ಬೇಕು ಎಂದು ಕೇಳಿದರು. ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

ಅಪ್ಪ ಎದ್ದು ನಿಂತ. "ಕುರಿ ಇಳಿಯಾಕೆ ಒಂದು ಜಾಗ ಬಿಡ್ರಿ ಅಮ್ಮಾ. ಕಾಲು ಜಾರದಂಗೆ ಗರಸು ಮಣ್ಣು ಹಾಕಿ ಇಳಿಜಾರು ಮಾಡಿದ್ರೆ ಸಾಕು. ಬೆಂಚು ಗಿಂಚು ಕುಂತ್ಕಳೋರಿಗೆ ಹಾಕಿಕೊಡ್ರಿ."

ಮೇಡಂ ನಕ್ಕರು, ಬರೆದುಕೊಂಡರು. ಮಾತಿಗೆ ತಪ್ಪಲಿಲ್ಲ ಕೂಡ. ಕೆಲಸ ಶುರುವಾದಾಗ ಹಳ್ಳದ ಬಳಿ ನಿಲ್ಲಿಸಿದ ದೊಡ್ಡ ಬೋರ್ಡಿನ ಚಿತ್ರದಲ್ಲಿ, ಹೆಗಲಿಗೆ ಕಂಬಳಿ ಹಾಕಿದ ಒಬ್ಬ ಮನುಷ್ಯ ಹಿಂಡನ್ನು ಇಳಿಜಾರಿನಲ್ಲಿ ನೀರಿಗೆ ಬಿಡುತ್ತಿದ್ದ. ಅವ್ವ ನಿಂತು ನೋಡಿದಳು. "ನಿಮ್ಮಪ್ಪನಿಗಿಂತ ಬಣ್ಣ ಬಂದೈತೆ" ಎಂದಳು.

ನಕ್ಷೆ ಕೊಟ್ಟ ಮೇಲೆ ಮೇಡಂ ಕೆಲಸ ಮುಗಿದಿತ್ತು, ಅವರು ಮತ್ತೆ ಬರಲಿಲ್ಲ. ಉದ್ಘಾಟನೆ ಹತ್ತಿರವಾದಾಗ ಇಳಿಜಾರಿಗೆ ಗರಸಿನ ಬದಲು ಕನ್ನಡಿಯಂತೆ ಹೊಳೆಯುವ ಕಲ್ಲು ಬಂದಿತ್ತು. ಅಪ್ಪ ಹೋಗಿ ಕೆಲಸ ನೋಡಿಕೊಳ್ಳುವವನನ್ನು ಕೇಳಿದ.

"ದೊಡ್ಡೋರು ಬರ್ತಾರೆ ಯಜಮಾನ್ರೆ, ಗರಸು ಹಾಕಿ ಧೂಳು ಕುಡಿಸಾಕಾಗ್ತೈತಾ? ಕುರಿಗೇನ್ ಗೊತ್ತಾಗ್ತೈತೆ, ಕಲ್ಲೋ ಮಣ್ಣೋ" ಎಂದನಂತೆ ಅವನು. ಉದ್ಘಾಟನೆಯ ದಿನ ಫೋಟೋಗೆ ಹಿಂಡು ತರಬೇಕೆಂದೂ ಹೇಳಿದ.

ತಂದೆವು. ಹಿಂಡಿನ ಮುಂದೆ ನಡೆಯುವುದು ನಮ್ಮ ಕರಿಯ ಹೋತ. ಅದು ನೀರಿಗಿಳಿದರೆ ಕುರಿಗಳೂ ಇಳಿಯುತ್ತವೆ. ಹೋತ ಕಲ್ಲಿನ ಮೇಲೆ ಒಂದು ಕಾಲಿಟ್ಟಿತು, ಜಾರಿತು, ಹಿಂದೆ ಸರಿಯಿತು. ಅಪ್ಪ ಕೊಂಬು ಹಿಡಿದೆಳೆದ. ಅದು ಕೂತೇಬಿಟ್ಟಿತು.

"ಏನಪ್ಪ, ನಿನ್ ಹೋತಕ್ಕೊಂದು ಜೊತೆ ಚಪ್ಪಲಿ ಹೊಲಿಸು" ಎಂದು ಯಾರೋ ಕೂಗಿದರು. ಶಾಮಿಯಾನದಡಿ ಎಲ್ಲರೂ ನಕ್ಕರು. ಕೊನೆಗೆ ಎರಡು ಮರಿಗಳನ್ನು ಎತ್ತಿಕೊಂಡು ಹೋಗಿ ನೀರಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಮಾರನೆಯ ದಿನ, ನಡೆಯುವ ದಾರಿಯಲ್ಲೆಲ್ಲ ಹಿಕ್ಕೆ ಬಿದ್ದಿದೆ ಎಂದು ದೂರು ಹೋಯಿತು. ಆ ವಾರವೇ ಬೋರ್ಡಿನ ಕೆಳಗೆ ಇನ್ನೊಂದು ಫಲಕ ಬಂತು: ಜಾನುವಾರುಗಳಿಗೆ ಪ್ರವೇಶವಿಲ್ಲ.

"ಚಿತ್ರದಾಗಿನ ಕುರಿ ಹಿಕ್ಕೆ ಹಾಕಲ್ವಲ್ಲ, ಅದ್ಕೇ ಒಳಗೆ ಬಿಟ್ಟವ್ರೆ" ಎಂದ ಅಪ್ಪ.

ಆ ಮಳೆಗಾಲ ಹಳ್ಳ ಮತ್ತೆ ಉಕ್ಕಿತು. ನೀರು ನಕ್ಷೆಯಲ್ಲಿದ್ದಂತೆಯೇ ಬಯಲಿಗೆ ಹರಡಿ ನಿಂತಿತು, ನಮ್ಮ ಹೊಸ್ತಿಲು ಒದ್ದೆಯಾಗಲಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ. ಬಾಯ್ತುಂಬ ಬೈಯುವುದಕ್ಕೂ ಅದು ಅವಕಾಶ ಕೊಡಲಿಲ್ಲ.

ಮಳೆ ಕಳೆದು ಕತ್ತರಿಯವರು ಊರಿಗೆ ಬಂದರು. ಬೆಳಗಾಗುತ್ತಲೇ ಅಪ್ಪ ಮನೆಯ ಹಳೇ ಕಂಬಳಿಗಳನ್ನೆಲ್ಲ ಹೊತ್ತು ಹೋಗಿ ಇಳಿಜಾರಿನ ಮೇಲೆ ಹಾಸಿದ. ಅವು ಜಾರದಂತೆ ನಾನು ಅಂಚಿಗೆ ಕಲ್ಲು ಹೇರಿದೆ. ಹೋತ ಕಂಬಳಿ ಮೂಸಿತು. ತನ್ನ ಹಿಂಡಿನದೇ ವಾಸನೆ ಇರಬೇಕು, ನಡೆದೇಬಿಟ್ಟಿತು. ಹಿಂದೆ ಕುರಿಗಳು ನುಗ್ಗಿದವು. ಹೋತದ ಮುಂಗಾಲುಗಳು ನೀರು ಮುಟ್ಟಿದ್ದವು, ಅಷ್ಟರಲ್ಲಿ ಅಲ್ಲಿಗೆ ಹೊಸದಾಗಿ ನೇಮಿಸಿದ್ದ ಕಾವಲುಗಾರ ಓಡಿಬಂದ. ಅವನು ಅಪ್ಪನ ದೊಡ್ಡಪ್ಪನ ಮಗ. ಮೊನ್ನೆ ಮೊನ್ನೆಯವರೆಗೆ ಅಪ್ಪನ ಜೊತೆ ಇದೇ ಮಡುವಿನಲ್ಲಿ ಕುರಿ ತೊಳೆದವನು.

"ಅಣ್ಣ, ಬ್ಯಾಡ. ವಾಪಸ್ ಹೊಡಿ."

"ಲೇ, ಒಂದು ಗಂಟೆ ಕೆಲ್ಸ ಕಣೋ. ಹಿಕ್ಕೆ ನಾನೇ ಗುಡಿಸ್ತೀನಿ."

"ಆ ಕಂಬದ ಮ್ಯಾಲೆ ಕ್ಯಾಮೆರಾ ಐತೆ. ನಿನ್ ಕುರಿಗೇನೂ ಆಗಲ್ಲ, ಮನೆಗೆ ಹೋಗೋನು ನಾನು."

ಅಪ್ಪ ಕಂಬದ ಕಡೆ ನೋಡಿದ. ಆಮೇಲೆ ಹೋತವನ್ನು ಹಿಂದಕ್ಕೆ ತಿರುಗಿಸಿದ. ಕಾವಲುಗಾರನೇ ಕಂಬಳಿಗಳನ್ನು ಒದರಿ, ಮಡಿಸಿ, ನನ್ನ ತಲೆಯ ಮೇಲೆ ಹೊರಿಸಿದ.

ಕತ್ತರಿಯವರು ಮಾರನೆಯ ದಿನ ಮಧ್ಯಾಹ್ನದವರೆಗೆ ಕಾದು ಪಕ್ಕದೂರಿಗೆ ಹೊರಟರು. ಅಪ್ಪ ತಾನೇ ಕೂತು ಕತ್ತರಿಸಿದ. ಕೆಸರು ಗಂಟುಗಟ್ಟಿದ ಆ ತುಪ್ಪಟವನ್ನು ಕಂಬಳಿ ನೇಯುವವರು ಹಿಡಿದು ನೋಡಿ ತಿರುಗಿ ಕೊಟ್ಟರು. ಮೂಟೆ ಹಿತ್ತಲಲ್ಲಿ ಹಾಗೇ ಇದೆ.

ಮುಂದಿನ ಸಂತೆಯ ದಿನ ಅಪ್ಪ ಹೋತವನ್ನು ಮಾರಿದ. ಹಿಂಡನ್ನು ನೀರಿಗಿಳಿಸುವುದೇ ಇಲ್ಲದ ಮೇಲೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಸಂತೆ ಈಗ ಆ ತಗ್ಗು ಬಯಲಿನಲ್ಲೇ ಕೂಡುತ್ತದೆ, ಆದರೆ ಜಾನುವಾರುಗಳನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ವ್ಯಾಪಾರ ಗೇಟಿನ ಹೊರಗೇ ನಡೆಯಿತು. ಕಟ್ಟಲು ಬೇರೆ ಗೂಟ ಕಾಣದೆ, ಅಪ್ಪ ಹೋತವನ್ನು ಗೇಟಿನ ಪಕ್ಕದಲ್ಲಿದ್ದ, ಕುರಿ ಹಿಂಡಿನ ಚಿತ್ರದ ಆ ಬೋರ್ಡಿನ ಕಾಲಿಗೇ ಕಟ್ಟಿದ್ದ.