ಅಣ್ಣನ ಉಬ್ಬಸ, ನನ್ನ ಅಂಟು

ನಮ್ಮಣ್ಣನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಪತ್ತೇದಾರ. ಬೂಟು ಹೊಲಿಯುವುದು ಕಸುಬು, ಅನುಮಾನ ಹುಟ್ಟುಗುಣ. ಹಾಲಿನವನನ್ನು ನಂಬ, ಗೋಡೆ ಗಡಿಯಾರವನ್ನೂ ನಂಬ.

ಚಿಕ್ಕಂದಿನ ಉಬ್ಬಸವನ್ನು ಪಂಪ್ ಎಳೆದುಕೊಂಡು ಹೇಗೋ ಸಂಭಾಳಿಸುತ್ತಿದ್ದ. ಈ ವರ್ಷ ಅದು ದಿನಾ ಬರತೊಡಗಿತು, ಅದೂ ಉಂಡು ಕೆಲಸಕ್ಕೆ ಕೂತ ಅರ್ಧ ಗಂಟೆಗೆ. ಅದೇ ಅಂಗಡಿಯಲ್ಲಿ ಪಕ್ಕ ಕೂರುವ ನಾನು ಬೂಟಿನ ಅಟ್ಟೆ ಅಂಟಿಸಲು ಅಂಟಿನ ಡಬ್ಬಿ ತೆರೆಯುವುದೂ ಆಗಲೇ. ಪತ್ತೇದಾರನಿಗೆ ಅಷ್ಟು ಸಾಕಾಯಿತು.

"ಯಾವ ಅಂಟು ತರ್ತಿದೀಯ ಈಗ?"

"ಅದೇ ಅಣ್ಣ, ಹತ್ತು ವರ್ಷದಿಂದ ತರ್ತಿರೋದೇ."

"ಡಬ್ಬಿ ಅದೇ. ಒಳಗಿರೋದು?"

ಕೊನೆಗೆ ನನ್ನ ಮಣೆಯನ್ನು ಹೊರಗೆ ಮೆಟ್ಟಿಲ ಮೇಲೆ ಹಾಕಿ, ಎರಡು ತಿಂಗಳಲ್ಲಿ ಬೇರೆ ಜಾಗ ನೋಡಿಕೋ ಎಂದ. ಅಪ್ಪ ಇಬ್ಬರಿಗೂ ಅಂತ ಬಿಟ್ಟುಹೋದ ಅಂಗಡಿ! ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹೊರಬಿದ್ದ ಮೇಲೂ ಉಬ್ಬಸ ನಿಲ್ಲಲಿಲ್ಲ; ವಾಸನೆ ಬಾಗಿಲ ಸಂದಿಯಿಂದ ಬರುತ್ತದಂತೆ.

ಅತ್ತಿಗೆ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಡಾಕ್ಟರಮ್ಮ ಎದೆ ಪರೀಕ್ಷಿಸಿ, "ಕೆಲಸ ಹೇಗೆ ಮಾಡ್ತೀರಿ, ತೋರಿಸಿ" ಎಂದರು. ಅಣ್ಣ ಸ್ಟೂಲಿನ ಮೇಲೆ ಕೂತು, ಇಲ್ಲದ ಬೂಟಿನ ಅಚ್ಚನ್ನು ಹೊಟ್ಟೆಗೆ ಒತ್ತಿ ಹಿಡಿದು, ಪೂರ್ತಿ ಬಗ್ಗಿದ. ಅಪ್ಪ ಅವನಿಗೆ ಹೊಲಿಗೆ ಕಲಿಸಿದ್ದೇ ಹಾಗೆ.

"ಹುಳಿತೇಗು ಬರುತ್ತಾ?"

"ಯಾರಿಗೆ ಬರಲ್ಲ?"

"ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಉಬ್ಬಸ ಕೆರಳಿಸ್ತಿರಬಹುದು. ಪಂಪ್ ಬಿಡಬೇಡಿ. ಜೊತೆಗೆ ಈ ಮಾತ್ರೆ ತಗೊಳ್ಳಿ. ಊಟ ಸ್ವಲ್ಪ ಕಮ್ಮಿ ಮಾಡಿ, ಉಂಡ ಮೇಲೆ ಎರಡು ಮೂರು ಗಂಟೆ ಬಗ್ಗಬೇಡಿ. ನೋಡೋಣ."

ಹೊರಗೆ ಬಂದವನೇ ನನ್ನನ್ನು ಕೆಕ್ಕರಿಸಿ ನೋಡಿದ. "ಉಸಿರಿಗೆ ಅಂತ ಬಂದ್ರೆ ಹೊಟ್ಟೆಗೆ ಮಾತ್ರೆ! ಮೊದಲೇ ಹೋಗಿ ಹೇಳಿಟ್ಟಿದ್ಯಾ?"

ಆದರೂ ಅತ್ತಿಗೆಗೆ ಹೆದರಿ ನುಂಗಿದ. ಹೊಲಿಗೆಯನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಉಂಡ ಮೇಲೆ ನಿಂತುಕೊಂಡು ಪಾಲಿಶ್ ಹಚ್ಚತೊಡಗಿದ. ಐದನೇ ವಾರಕ್ಕೆ ಒಳಗಿನ ಸುಯ್ ಸುಯ್ ಸದ್ದು ಕಡಿಮೆಯಾಯಿತು. ಈಗ ಅನುಮಾನ ನನಗೆ: ನನಗೆ ಕೇಳಿಸಬಾರದೆಂದು ಕೆಮ್ಮು ತಡೆದುಕೊಂಡಿದ್ದಾನೋ ಹೇಗೆ? ಒಂದೇ ರಕ್ತ ನೋಡಿ.

ಗಡುವಿನ ದಿನ ಮಧ್ಯಾಹ್ನ ಸಾಮಾನು ಕಟ್ಟುತ್ತಿದ್ದೆ. ಅಣ್ಣ ಕೈ ತೊಳೆದುಕೊಂಡು ಹೊರಗೆ ಬಂದ. ಅಂಟಿನ ಡಬ್ಬಿ ಎತ್ತಿಕೊಂಡು ಹೋಗಿ ಒಳಗೆ ಕಿಟಕಿಯ ಪಕ್ಕ ಇಟ್ಟ.

"ಬಿಸಿಲಲ್ಲಿಟ್ರೆ ಒಣಗಿಹೋಗುತ್ತೆ. ಒಳಗೆ ಬಾ."

"ಎರಡು ತಿಂಗಳಿಂದ ಒಣಗ್ತಾನೇ ಇತ್ತಲ್ಲ, ಅಣ್ಣ" ಎಂದೆ.

ಅವನು ನನ್ನ ಮಣೆ ಎತ್ತಲು ಬಗ್ಗಿದ.

"ಬಗ್ಗಬೇಡ! ಈಗ ತಾನೇ ಉಂಡಿದೀಯ" ಎಂದು ಗದರಿ, ಮಣೆಯನ್ನು ನಾನೇ ಎತ್ತಿಕೊಂಡು ಒಳಗೆ ಹೋದೆ.