ಕೂಸಿಗೆ ಎರೆದು ಬರುವ ದಾರಿ

ದಹಿಸರ್‌ನ ಆ ಚಾಳುಗಳಲ್ಲಿ ಗುರುಬಾಯಿ ಎರೆಯದ ಕೂಸಿಲ್ಲ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು, ನಲವತ್ತು ವರ್ಷ ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ್ದಾಳೆ. ಅತ್ತೆ ಕಲಿಸಿದ ಕಟ್ಟಳೆ ಒಂದೇ: ಎರೆದ ಮೇಲೆ ಹೋದ ದಾರಿಯಲ್ಲೇ ಮನೆಗೆ ಬರಬಾರದು. ಕೂಸಿಗೆ ತಗುಲಿದ್ದು ನೀರಿನ ಜೊತೆ ಇಳಿದು ಎರೆದವಳ ಬೆನ್ನು ಹತ್ತುತ್ತದೆ. ದಾರಿ ಬದಲಾದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಚಾಳಿನಲ್ಲಿ ಅದೇನು ಕಷ್ಟವಿರಲಿಲ್ಲ. ಒಂದು ಗಲ್ಲಿಯಲ್ಲಿ ಹೊಕ್ಕರೆ ಹೊರಬೀಳಲು ನಾಲ್ಕು ಗಲ್ಲಿ.

ಚಾಳುಗಳಲ್ಲಿ ಅರ್ಧ ಈಗ ನೆಲಸಮ. ಅಲ್ಲಿ ಏಳು ಟವರ್, ಸುತ್ತ ಎರಡಾಳೆತ್ತರದ ಗೋಡೆ. ಗೋಡೆಯಾಚೆ ಉಳಿದ ಸಾಲಿನಲ್ಲಿ ಗುರುಬಾಯಿಯ ಖೋಲಿ. ಸೊಸೆ ಯಕ್ಷಿತಾ ಹೆತ್ತು ಇಪ್ಪತ್ತು ದಿನವಾಗಿತ್ತು. ಮೂರು ಬಸಿರು ನಿಲ್ಲದೆ ಹೋದ ಮೇಲೆ ಹುಟ್ಟಿದ ಮೊಮ್ಮಗಳು. ಅಂದಿನಿಂದ ಬೇರೆ ಕೂಸಿಗೆ ಗುರುಬಾಯಿ ಕೈಯನ್ನೇ ಹಚ್ಚಿರಲಿಲ್ಲ. ಆದರೆ ಹಳೆಯ ನೆರೆಮನೆಯ ಶೆಟ್ಟರ ಮಗಳು ಶ್ರಾವ್ಯಾ ಟವರಿನಿಂದ ಫೋನ್ ಮಾಡಿದಳು. “ಅಜ್ಜೀ, ನನ್ಗೂ ನೀವೇ ಎರ್ದದ್ದಲ್ವಾ? ಮಗೂಗೆ ಒಂದ್ಸಲ ಬನ್ನಿ, ಪ್ಲೀಸ್.” ಕರುಳು ಕೇಳಬೇಕಲ್ಲ, ಹೋದಳು.

ಎರೆದು ಕೆಳಗಿಳಿದಾಗ ನಡುಮಧ್ಯಾಹ್ನ. ಹಿಂದಿನ ಗೇಟ್ ಎಲ್ಲಿ ಎಂದು ವಾಚ್‌ಮನ್‌ನನ್ನು ಕೇಳಿದಳು.

“ಗೇಟ್ ಏಕ್ ಹೀ ಹೈ, ಮೌಸಿ,” ಎಂದು ಅವಳು ಬಂದ ಗೇಟನ್ನೇ ತೋರಿಸಿದ.

ಒಂದೇ ಗೇಟಂತೆ! ಇಷ್ಟೆಲ್ಲ ಕಟ್ಟಿದವರಿಗೆ ಇನ್ನೊಂದು ಬಾಗಿಲಿಗೆ ಬಡತನ ಬಂದಿತ್ತೇ? ನಂಬದೆ ಒಳರಸ್ತೆ ಹಿಡಿದಳು. ಅದು ಬಳಸಿ ಬಳಸಿ ಗೋಡೆಗೆ ಹೋಗಿ ನಿಂತಿತು. ಇನ್ನೊಂದೂ ಹಾಗೆಯೇ. ಸುತ್ತ ನರಪಿಳ್ಳೆಯಿಲ್ಲ. ಆದರೂ ಹಿಂದೆ ಹಸಿ ಕಾಲು ಊರುವ ಸದ್ದು, ಪುಟ್ಟ ಪುಟ್ಟ ಹೆಜ್ಜೆಗಳದ್ದು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು.

ಆಗ ಗೋಡೆಯಾಚೆ ಮೊಮ್ಮಗಳು ಅತ್ತಳು. ಹಳೆಯ ಗಲ್ಲಿ ಇದ್ದಿದ್ದರೆ ಇಪ್ಪತ್ತು ಹೆಜ್ಜೆ. ಈಗ ಗೇಟು ದಾಟಿ, ಇರುವ ಒಂದೇ ರಸ್ತೆ ಹಿಡಿದು, ಹೈವೇ ಸುತ್ತಿ ಮುಕ್ಕಾಲು ತಾಸು. ಅಳು ನಿಂತಿತು. ಮರುಕ್ಷಣ ಅದೇ ಅಳು ಗೋಡೆಯ ಈಚೆ, ಅವಳ ಬೆನ್ನ ಹಿಂದೆ ಕೇಳಿತು. ಗುರುಬಾಯಿ ಕಟ್ಟಳೆ ಮರೆತು, ಬಂದ ದಾರಿಯಲ್ಲೇ ಮನೆಗೆ ಓಡಿದಳು.

ಯಕ್ಷಿತಾ ಹೊಸ್ತಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದಳು. “ಎಷ್ಟೊತ್ತ್ರಿ ಅತ್ತಿ! ಅತ್ತೂ ಅತ್ತೂ ಸಾಕಾಗೇತಿ ಇದಕ್ಕ. ತಗೋರಿ.” ಗುರುಬಾಯಿ ಕೈ ಚಾಚಿದಳು. ಸೊಸೆ ಅವಳ ಹೆಗಲಾಚೆ ಬಗ್ಗಿ ನೋಡಿದಳು. “ನಿಮ್ಮ ಹಿಂದ ನಿಂತದ್ದು ಯಾರ ಕೂಸ್ರೀ?”

ಚಾಚಿದ ಕೈ ಹಿಂದಕ್ಕೆ ಬಂತು.

“ಒಳಗ ಹೋಗಿ ಬಾಗಲಾ ಹಾಕ್ಕೋ, ಯವ್ವಾ. ಇನ್ನ ಮ್ಯಾಲೆ ನೀನೇ ಎರಿ.”

ಚಿಲಕ ಬಿದ್ದ ಸದ್ದು ಕೇಳುವವರೆಗೆ ಕಾದಳು. ಆಮೇಲೆ ಮನೆಗೆ ಬೆನ್ನು ಮಾಡಿ, ಹೈವೇಯ ಕಡೆಗೆ ಮೆಲ್ಲಗೆ ನಡೆದಳು, ಅದು ತನ್ನ ಹಿಂದೆಯೇ ಬರಲಿ ಎಂದು.